ಚಳಿಗಾಲದ ಪರವಾನಗಿ

ವೆಸ್ಲಾಕೊ, ಟೆಕ್ಸಾಸ್
8 ಫೆಬ್ರುವರಿ 1999

ಪ್ರೀತಿಯ ಆರ್ಡಿಸ್,

ಎರಡು ಸಲ ಬರೆದು ಹರಿದು ಹಾಕಿದೆ. ಓರ್ವಿಲ್ ಬಗ್ಗೆ ಏನು ಬರೆದರೂ ಅಂಗಡಿಯಲ್ಲಿ ಸಿಗುವ ಸಂತಾಪದ ಕಾರ್ಡಿನ ಹಾಗೆ ಕಾಣುತ್ತಿತ್ತು. ನಿನ್ನ ಗಂಡನಾಗುವ ಮೊದಲೇ ಅವನು ನನ್ನ ಶಾಲೆಯ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗ. ಅದನ್ನಾದರೂ ಚರ್ಚಿನಲ್ಲಿ ಎದ್ದು ನಿಂತು ಹೇಳಬೇಕಿತ್ತು. ಬರಲಾಗಲಿಲ್ಲ. ಕರ್ಟಿಸ್‌ಗೆ ಜ್ವರ ಇತ್ತು, ಗಂಡನನ್ನು ಹಾಗೆ ಬಿಟ್ಟು ಬರುವುದು ಹೇಗೆ, ವಿಮಾನದಲ್ಲಿ ಜಾಗವೂ ಸಿಗಲಿಲ್ಲ.

ಒಂದು ಪೆಟ್ಟಿಗೆ ಕಿತ್ತಳೆ ಕಳಿಸಿದ್ದೇನೆ. ಇಲ್ಲಿ ನಮ್ಮ ಟ್ರೈಲರಿನ ಹಿಂದೆಯೇ ತೋಟ.

ಒಂದು ಕೆಲಸ ಹೇಳಬೇಕು. ಇದು ಹೇಳುವ ಹೊತ್ತಲ್ಲ, ಆದರೆ ಕರ್ಟಿಸ್ ಬೆಳಗಿನಿಂದ ಕೇಳುತ್ತಲೇ ಇದ್ದಾನೆ. ಚಳಿಗಾಲಕ್ಕೆಂದು ಬೀಗ ಹಾಕಿ ಬಂದ ಸಾಂಡ್ವಿಕ್‌ನ ನಮ್ಮ ಮನೆಯ ನೆಲಮಾಳಿಗೆಯ ಮೂಲೆಯಲ್ಲಿ, ಮನೆಯ ಅಡಿಯಿಂದ ಒಸರುವ ನೀರು ಬಂದು ಸೇರುವ ಗುಂಡಿ ಇದೆಯಲ್ಲ. ಅದರೊಳಗಿನ ಪಂಪಿನಿಂದ ಮೇಲೆ ಬರುವ ಬಿಳಿ ಕೊಳವೆ ಎದೆಮಟ್ಟದಲ್ಲಿ ಎರಡಾಗುತ್ತದೆ. ಒಂದು ಗೋಡೆ ತೂರಿ ಹಿತ್ತಲಿಗೆ, ಇನ್ನೊಂದು ಊರಿನ ಒಳಚರಂಡಿಗೆ. ಕವಲಿನಲ್ಲಿ ಕೆಂಪು ಹಿಡಿ. ಹಿತ್ತಲಿನ ಕೊಳವೆ ಚಳಿಗೆ ಹೆಪ್ಪುಗಟ್ಟುತ್ತದೆ, ಹೊರಗೆ ಬಿದ್ದ ನೀರು ಕಾಲುದಾರಿಯ ಮೇಲೆ ಗಾಜಾಗಿ ಜನ ಜಾರುತ್ತಾರೆ ಎಂದು ಪುರಸಭೆ ಚಳಿಗಾಲದಲ್ಲಿ ಮಾತ್ರ ಚರಂಡಿಗೆ ಬಿಡಲು ಪರವಾನಗಿ ಕೊಡುತ್ತದೆ. ಏಪ್ರಿಲ್ ಒಂದಕ್ಕೆ ಆ ಹಿಡಿಯನ್ನು ಹಿತ್ತಲಿನ ಕಡೆಗೆ ತಿರುಗಿಸಲೇಬೇಕು. ಇಲ್ಲದಿದ್ದರೆ ಹಿಮ ಕರಗಿದ ನೀರು ಚರಂಡಿ ತುಂಬಿ ತಗ್ಗಿನ ಮನೆಗಳೊಳಗೆ ಉಕ್ಕುತ್ತದೆ. ಇದೆಲ್ಲ ನಿನಗೆ ಗೊತ್ತಿರುವುದೇ. ಕರ್ಟಿಸ್ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾನೆ. ಪುರಸಭೆಯಲ್ಲಿ ಈ ನಿಯಮಕ್ಕೆ ಮೊದಲು ಕೈ ಎತ್ತಿದವನು ಅವನು, ಇವತ್ತಿಗೂ ಕಲಮು ಕಲಮಾಗಿ ಬಾಯಿಪಾಠ.

ಇಷ್ಟು ವರ್ಷ ಓರ್ವಿಲ್ ತಿರುಗಿಸುತ್ತಿದ್ದ. ಈ ಸಲ ನೀನು ಮಾಡುತ್ತೀಯಾ? ಬೀಗದಕೈ ನಿನ್ನ ಹತ್ತಿರವೇ ಇದೆ.

ಫೋನು ಬೇಡ, ಇಲ್ಲಿ ಲೈನು ಸರಿಯಿಲ್ಲ. ಬರೆ.

ವರ್ಡೆಲ್


ಸಾಂಡ್ವಿಕ್, ಮಿನ್ನೆಸೋಟ
19 ಫೆಬ್ರುವರಿ 1999

ಪ್ರೀತಿಯ ವರ್ಡಿ,

ಕಿತ್ತಳೆ ಬಂತು. ಅಂಚೆಯವನು ವರಾಂಡದಲ್ಲಿ ಇಟ್ಟುಹೋಗಿದ್ದ. ನಾನು ನೋಡುವಷ್ಟರಲ್ಲಿ ಕಲ್ಲಾಗಿದ್ದವು. ಅಡುಗೆಮನೆಯಲ್ಲಿ ಕರಗಿಸಿದೆ, ಸಿಪ್ಪೆಯೊಳಗೇ ರಸವಾದವು. ಬಟ್ಟಲಿಗೆ ಹಿಂಡಿ ಕುಡಿದೆ. ಪರವಾಗಿಲ್ಲ.

ಪ್ರಾರ್ಥನೆ ಚೆನ್ನಾಗಿ ಆಯಿತು ಎಂದು ಎಲ್ಲರೂ ಹೇಳಿದರು. ಆಮೇಲೆ ಚರ್ಚಿನ ಕೆಳಗಿನ ಹಾಲಿನಲ್ಲಿ ಕಾಫಿ, ಹ್ಯಾಮ್, ನಾಲ್ಕೈದು ಬಗೆಯ ಆಲೂಗಡ್ಡೆ. ನೆರೆಮನೆಯ ಬೆವರ್ಲಿ ಎಂದಿನಂತೆ ತಟ್ಟೆ ತುಂಬಿಕೊಂಡು ನನ್ನ ಪಕ್ಕ ಬಂದು ಕೂತು, ನಿನ್ನ ತಂಗಿ ಕಾಣ್ತಿಲ್ವಲ್ಲ, ಅಲ್ಲಿ ಬಿಸಿಲಿಗೆ ಬೆಣ್ಣೆ ಥರ ಕರಗಿಹೋದ್ಲೇನೋ ಎಂದಳು. ಪ್ರಯಾಣ ಕಷ್ಟ ಎಂದೆ. ಜ್ವರದ ವಿಷಯ ನನಗೆ ಆಗ ಗೊತ್ತಿರಲಿಲ್ಲ.

ಓರ್ವಿಲ್‌ನನ್ನು ಇನ್ನೂ ಹೂಳಿಲ್ಲ. ನೆಲ ಗುದ್ದಲಿ ತಗೊಳ್ಳುವುದಿಲ್ಲ. ಸ್ಮಶಾನದ ಕಲ್ಲುಕೋಣೆಯಲ್ಲಿ ಇಟ್ಟಿದ್ದಾರೆ, ಜೊತೆಗೆ ಇನ್ನಿಬ್ಬರು. ನೆಲ ಸಡಿಲವಾದ ಮೇಲೆ, ಮೇ ಎಂಟಕ್ಕೆ, ಮಣ್ಣಿಗೆ. ಈ ಊರಿನಲ್ಲಿ ಚಳಿಗಾಲದಲ್ಲಿ ಸಾಯುವುದರ ಅನುಕೂಲ ಅದು: ಮೊದಲನೆಯ ಸಲ ತಪ್ಪಿಸಿಕೊಂಡವರಿಗೆ ಎರಡನೆಯ ಸಲ ಇರುತ್ತದೆ. ನೀನು ಬಾ.

ಫೋನು ನಾನೂ ಮಾಡುವುದಿಲ್ಲ. ಅವನು ಹೋದ ಬೆಳಿಗ್ಗೆ ಮೊದಲು ಮಾಡಿದ್ದು ನಿನಗೆ. ಕರ್ಟಿಸ್ ಎತ್ತಿದ. ಎಲ್ಲ ಕೇಳಿಸಿಕೊಂಡು, "ಆಯ್ತು, ಹೇಳ್ತೀನಿ" ಎಂದು ಇಟ್ಟುಬಿಟ್ಟ. ನಾನು ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಬೆವರ್ಲಿ ಬಂದು ಎಬ್ಬಿಸುವವರೆಗೂ ಅಲ್ಲೇ ಇದ್ದೆನಂತೆ.

ಹಿಡಿಯ ವಿಷಯ ಓದಿದೆ.

ಆರ್ಡಿಸ್


ವೆಸ್ಲಾಕೊ
3 ಮಾರ್ಚ್ 1999

ಪ್ರೀತಿಯ ಆರ್ಡಿಸ್,

ಆ ಫೋನಿನ ಮಾತು ಬಿಟ್ಟುಬಿಡು. ಕರ್ಟಿಸ್ ಯಾವತ್ತೂ ಫೋನಿನಲ್ಲಿ ಒರಟು, ನಿನಗೆ ಗೊತ್ತಲ್ಲ.

ನೀನು ಒಬ್ಬಳೇ ನಮ್ಮ ಮನೆಯ ಮೆಟ್ಟಿಲಿಳಿಯಲು ಹೆದರುತ್ತಿರಬೇಕು ಎಂದುಕೊಂಡೆ. ಮಂಡಿನೋವು ಇದ್ದರೆ ಬೀಗದಕೈಯನ್ನು ಪುರಸಭೆಯ ಇನ್ಸ್‌ಪೆಕ್ಟರ್ ಲೈಲ್ ಕ್ವಾಮೆಗೆ ಕೊಟ್ಟುಬಿಡು. ಒಂದು ನಿಮಿಷದ ಕೆಲಸ.

ಇನ್ನೊಂದು ಮಾತು. ನಿನ್ನ ನೆಲಮಾಳಿಗೆಯನ್ನು ಖಾಲಿ ಮಾಡಿಸಲು ಇದು ಒಳ್ಳೆಯ ಸಮಯ. ಓರ್ವಿಲ್ ಕೆತ್ತಿದ ಆ ಮರದ ಮೀನುಗಳನ್ನು ಚರ್ಚಿನ ಮಾರಾಟಕ್ಕೆ ಕೊಟ್ಟರೆ ಜನ ಮುಗಿಬಿದ್ದು ತಗೊಳ್ಳುತ್ತಾರೆ. ದಿನಾ ಕೆಳಗೆ ಹೋಗಿ ಅವನ್ನು ನೋಡುತ್ತ ಕೂರುವುದು ನಿನಗೆ ಒಳ್ಳೆಯದಲ್ಲ.

ಮೇ ತಿಂಗಳಿನದು ನೋಡೋಣ. ಇಲ್ಲಿ ಗಂಡಸರು ಮಧ್ಯಾಹ್ನವೆಲ್ಲ ಉದ್ದ ಕೋಲಿನಿಂದ ಬಿಲ್ಲೆ ತಳ್ಳುವ ಆಟ ಆಡುತ್ತಾರೆ. ಕರ್ಟಿಸ್ ಹೋದ ವರ್ಷ ಅಂಕ ಬರೆಯುವವನಾಗಿದ್ದ. ಈ ವರ್ಷ ಬೇಡ ಎಂದು ಬಿಟ್ಟಿದ್ದಾನೆ.

ವರ್ಡೆಲ್


ಸಾಂಡ್ವಿಕ್
14 ಮಾರ್ಚ್ 1999

ವರ್ಡಿ,

ನನ್ನ ಮಂಡಿ ಚೆನ್ನಾಗಿದೆ.

ಮರದ ಮೀನುಗಳನ್ನು ನಾನು ನೋಡುತ್ತ ಕೂರುವುದಿಲ್ಲ. ಜನವರಿಯಿಂದ ಕೆಳಗೆ ಹೋಗಿಯೇ ಇಲ್ಲ. ಮೆಟ್ಟಿಲಿನ ಬಾಗಿಲು ಹಾಕಿದೆ, ಹಾಕಿದ ಹಾಗೇ ಇದೆ. ಕೊನೆಗೆ ಕೆತ್ತಿದ್ದು ಮುಗಿದಿರಲಿಲ್ಲ. ಹೊಟ್ಟೆಗೆ ಸೀಸ ಹುಯ್ಯುವುದು ಬಾಕಿ ಇತ್ತು. ಅದಿಲ್ಲದೆ ಹೆಪ್ಪುಗಟ್ಟಿದ ಕೆರೆಗೆ ಕೊರೆದ ತೂತಿನಲ್ಲಿ ಇಳಿಬಿಟ್ಟರೆ ಮೀನು ಮುಳುಗುವುದಿಲ್ಲ, ನಿಜವಾದ ಮೀನು ಮೋಸಹೋಗಿ ಈಟಿಯ ಕೆಳಗೆ ಬರುವುದೂ ಇಲ್ಲ. ಸೀಸ ಹುಯ್ಯದೆ ಮಾರಿದರೆ ತಗೊಂಡವನು ನಗುತ್ತಾನೆ.

ಕ್ವಾಮೆ ತಾನಾಗಿಯೇ ಬಂದಿದ್ದ. ಬೀದಿಯ ಎಲ್ಲ ಬಾಗಿಲಿಗೂ ಹಳದಿ ಚೀಟಿ ಅಂಟಿಸುತ್ತಿದ್ದಾನೆ. ಒಳಗೆ ಕರೆದು ಕಾಫಿ ಕೊಟ್ಟೆ. ಬೂಟು ಬಿಚ್ಚಬೇಕಾ ಬೇಡವಾ ಎಂದು ಬಾಗಿಲಲ್ಲೇ ಯೋಚಿಸುತ್ತ ನಿಂತಿದ್ದ. ನಿನ್ನ ಮನೆಯ ಹಿಡಿಯನ್ನು ಅವನೇ ತಿರುಗಿಸಬಹುದಾ ಎಂದು ಕೇಳಿದೆ. ಆಗುವುದಿಲ್ಲವಂತೆ. "ಹಿಡಿ ಮುಟ್ಟೋದು ಮನೆಯವರು, ಮುದ್ರೆ ಹಾಕೋದು ನಾವು. ನಾನೇ ಮುಟ್ಟಿ ನಾಳೆ ಕೊಳವೆ ಸೋರಿದ್ರೆ ಕರ್ಟಿಸ್ ನನ್ನ ಚರ್ಮ ಸುಲೀತಾನೆ, ಆ ಕಲಮು ಬರೆಸಿದ್ದೇ ಅವನು" ಎಂದು ನಕ್ಕ. ತಿರುಗಿಸದೆ ಬಿಟ್ಟವರು ಸ್ವತಃ ಬಂದು ಪುರಸಭೆಯ ಮಂಡಳಿಯ ಮುಂದೆ ನಿಲ್ಲಬೇಕಂತೆ. ನಮ್ಮ ಬೀದಿಯಲ್ಲಿ ಚರಂಡಿ ಉಕ್ಕಿದರೆ ಮೊದಲು ಏಳುವುದು ನನ್ನ ನೆಲಮಾಳಿಗೆಯಲ್ಲಿ, ನನ್ನದೇ ಕೊನೆಯ ತಗ್ಗು ಎಂದೂ ನೆನಪಿಸಿದ.

ನನ್ನ ತಂಗಿ ಬರುತ್ತಾಳೆ, ಅವಳೇ ತಿರುಗಿಸುತ್ತಾಳೆ ಎಂದು ಹೇಳಿ ಕಳಿಸಿದ್ದೇನೆ.

ಬಾ. ಒಂದು ದಿನಕ್ಕೆ ಸಾಕು. ಮಾತಾಡಬೇಕಾದ್ದೇನೂ ಇಲ್ಲ. ಮೇಜಿನ ಆಚೆ ಬದಿಯಲ್ಲಿ ಯಾರಾದರೂ ಕೂತಿರಬೇಕು, ಅಷ್ಟೆ. ಬೆವರ್ಲಿ ಕೂರುತ್ತಾಳೆ, ಆದರೆ ಅವಳು ಮಾತಾಡುತ್ತಾಳೆ.

ಆರ್ಡಿಸ್


ವೆಸ್ಲಾಕೊ
24 ಮಾರ್ಚ್ 1999

ಪ್ರೀತಿಯ ಆರ್ಡಿಸ್,

ನಾವು ಬರುತ್ತೇವೆ ಎಂದು ಲೈಲ್‌ಗೆ ಯಾಕೆ ಹೇಳಿದೆ? ಏಪ್ರಿಲ್ ಒಂದಕ್ಕೆ ಸಾಧ್ಯವೇ ಇಲ್ಲ. ಮೇ ಎಂಟಕ್ಕೂ ಆಗುವ ಹಾಗಿಲ್ಲ. ಕಾರಣಗಳು ಬಹಳ ಇವೆ, ಬರೆಯುತ್ತ ಕೂತರೆ ಯಾವುದೂ ಕಾರಣದ ಹಾಗೆ ಕಾಣುವುದಿಲ್ಲ.

ಮೊನ್ನೆ ಕರ್ಟಿಸ್ ನಡೆದಾಡಲು ಹೋದವನು ದಾರಿ ತಪ್ಪಿ ಕಿತ್ತಳೆ ತೋಟದೊಳಗೆ ಹೋಗಿಬಿಟ್ಟಿದ್ದ. ಹಣ್ಣು ಕೀಳುವವನೊಬ್ಬ ತನ್ನ ಲಾರಿಯಲ್ಲಿ ಕೂರಿಸಿಕೊಂಡು ತಂದು ಬಿಟ್ಟ. ಹೊಸ ಗೆಳೆಯನನ್ನು ಹುಡುಕಿಕೊಂಡಿದ್ದೀಯಾ ಎಂದು ತಮಾಷೆ ಮಾಡಿದೆ. ಅವನಿಗೆ ನಗು ಬರಲಿಲ್ಲ.

ದಯವಿಟ್ಟು ಹಿಡಿ ತಿರುಗಿಸಿಬಿಡು. ಅದೊಂದು ಆಗಿದೆ ಎಂದು ಬರೆದರೆ ಈ ಮನೆಯಲ್ಲಿ ಒಂದು ಪ್ರಶ್ನೆ ಕಡಿಮೆಯಾಗುತ್ತದೆ.

ವರ್ಡೆಲ್


ವೆಸ್ಲಾಕೊ
9 ಏಪ್ರಿಲ್ 1999

ಆರ್ಡಿಸ್,

ನಿನ್ನಿಂದ ಪತ್ರವಿಲ್ಲ. ಈಸ್ಟರಿಗೆ ಕಾರ್ಡಾದರೂ ಬರುತ್ತದೆ ಎಂದು ಕಾದೆ. ಟೀವಿಯ ನಕ್ಷೆಯಲ್ಲಿ ನಿಮ್ಮ ಕಡೆಯೆಲ್ಲ ಹಸಿರು ಬಣ್ಣ. ಹಿಮದ ಮೇಲೆ ಮಳೆ ಎನ್ನುತ್ತಿದ್ದಾರೆ. ತಿರುಗಿಸಿದ್ದೀಯಾ? ಕರ್ಟಿಸ್ ಕೇಳುತ್ತಾನೆ. ಹೌದು ಎಂದು ಹೇಳಿದ್ದೇನೆ. ನೀನು ತಿರುಗಿಸಿರುತ್ತೀಯ ಎಂದು ನನಗೆ ಗೊತ್ತು. ಆದರೂ ಒಂದು ಸಾಲು ಬರೆ.

ವ.


ಸಾಂಡ್ವಿಕ್
20 ಏಪ್ರಿಲ್ 1999

ವರ್ಡಿ,

ತಿರುಗಿಸಲಿಲ್ಲ.

ಮಾರ್ಚ್ ಕೊನೆಯ ದಿನ ನಿನ್ನ ಮನೆಗೆ ಹೋಗಿದ್ದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಇನ್ನೂ ಅಕ್ಟೋಬರ್. ಸಿಂಕಿನಲ್ಲಿ ನೀನು ಬೋರಲು ಹಾಕಿಟ್ಟ ಎರಡು ಲೋಟ. ಕೆಳಗೆ ಹೋದೆ. ಪಂಪು ನಾನು ನೋಡುತ್ತಿದ್ದಂತೆ ಒಮ್ಮೆ ಓಡಿ ನಿಂತಿತು. ಹಿಡಿಯ ಮೇಲೆ ಕೈ ಇಟ್ಟೆ, ತಣ್ಣಗಿತ್ತು. ಇದನ್ನು ತಿರುಗಿಸಿದರೆ ನೀನು ಈ ಊರಿಗೆ ಬರಲೇಬೇಕಾದ ಕಾರಣ ಒಂದೂ ಉಳಿಯುವುದಿಲ್ಲ ಎಂದು ತೋಚಿತು. ಕೈ ತೆಗೆದೆ. ಮೇಲೆ ಬಂದು ಬೀಗ ಹಾಕಿ ಮನೆಗೆ ಬಂದು ಆಲೂಗಡ್ಡೆ ಬೇಯಿಸಿದೆ. ನೀರು ಉಕ್ಕಿದರೆ ಉಕ್ಕುವುದು ನನ್ನ ಮನೆಯಲ್ಲೇ ಎಂದು ಗೊತ್ತಿತ್ತು. ಅದು ಬಹಳ ದೊಡ್ಡದಾಗಿ ಕಾಣಲಿಲ್ಲ.

ಮಾರನೆಯ ದಿನ ಕ್ವಾಮೆ ಮುದ್ರೆ ಹಾಕುತ್ತ ಬಂದ. ನಿಮ್ಮ ಬಾಗಿಲು ತಟ್ಟಿ, ನನ್ನ ಕಡೆ ನೋಡಿದ. ಇನ್ನೂ ಬಂದಿಲ್ಲ, ಈಸ್ಟರ್ ಕಳೆಯಲಿ ಎಂದೆ. ಚೀಟಿಯ ಮೇಲೆ ಏನೋ ಬರೆದುಕೊಂಡು ಹೋದ.

ಮಳೆ ಹತ್ತನೆಯ ತಾರೀಖು ಶುರುವಾಯಿತು. ನೆಲ ಒಳಗೆ ಇನ್ನೂ ಹೆಪ್ಪು, ನೀರಿಗೆ ಇಳಿಯಲು ದಾರಿಯಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ನೆಲಮಾಳಿಗೆಯಿಂದ, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಶಬ್ದ ಬಂತು. ಜನವರಿಯಿಂದ ಹಾಕಿದ್ದ ಬಾಗಿಲು ತೆಗೆದೆ. ನೆಲದ ಜಾಲರಿಯಿಂದ ನೀರು ಏಳುತ್ತಿತ್ತು, ಕಂದು ಬಣ್ಣ, ಅವಸರವಿಲ್ಲದೆ. ಮೂರನೆಯ ಮೆಟ್ಟಿಲಿನವರೆಗೆ ಬಂದು ನಿಂತಿತು. ಕೆಳಗಿನ ಹಲಗೆಯಲ್ಲಿದ್ದ ಮರದ ಮೀನುಗಳು ಮುಳುಗಿದವು. ಆ ಮುಗಿಯದ್ದು ಮಾತ್ರ ಹೊಟ್ಟೆ ಮೇಲಾಗಿ ತೇಲಿಕೊಂಡು ಮೆಟ್ಟಿಲಿನ ಹತ್ತಿರ ಬಂತು. ಎತ್ತಿಕೊಳ್ಳಬಹುದಿತ್ತು. ನೋಡುತ್ತ ನಿಂತೆ. ವಾಸನೆ ತಾಳಲಾಗದೆ ಬಾಗಿಲು ಹಾಕಿದೆ.

ಪುರಸಭೆಯವರು ರಬ್ಬರು ಬಟ್ಟೆ ಹಾಕಿಕೊಂಡು ಬಂದು ಎಲ್ಲವನ್ನೂ ಚೀಲಕ್ಕೆ ತುಂಬಿ ಒಯ್ದರು. ಚರಂಡಿ ನೀರು ಮುಟ್ಟಿದ ಮರವನ್ನು ಇಟ್ಟುಕೊಳ್ಳುವ ಹಾಗಿಲ್ಲ, ಅದಕ್ಕೂ ನಿಯಮವಿದೆ. ಏನು ಇಡಬೇಕು, ಏನು ಕೊಡಬೇಕು ಎಂದು ಯಾರೂ ನನ್ನನ್ನು ಕೇಳಲಿಲ್ಲ. ಅದೊಂದು ಹಗುರವಾಯಿತು.

ಬೀದಿಯಲ್ಲಿ ಮುದ್ರೆ ಬೀಳದೆ ಉಳಿದದ್ದು ನಿಮ್ಮ ಮನೆ ಒಂದೇ. ಕ್ವಾಮೆ ನನ್ನಿಂದ ಬೀಗದಕೈ ತಗೊಂಡು ಹೋಗಿ ನೋಡಿಬಂದ. ಪಂಪು ನಿಲ್ಲದೆ ಓಡುತ್ತಿತ್ತಂತೆ. ಇದನ್ನು ತಿರುಗಿಸಲು ಅವರು ಯಾರಿಗಾದರೂ ಹೇಳಿದ್ದರಾ ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಬರೆದುಕೊಂಡ.

ಮೇ ಹನ್ನೊಂದಕ್ಕೆ ಮಂಡಳಿಯ ಮುಂದೆ ವಿಚಾರಣೆ. ಮನೆಯ ಒಡೆಯರು ಬರಬೇಕು. ಎಂಟಕ್ಕೆ ಓರ್ವಿಲ್, ಹನ್ನೊಂದಕ್ಕೆ ಇದು. ಒಂದೇ ಪ್ರಯಾಣದಲ್ಲಿ ಎರಡೂ ಆಗುತ್ತದೆ.

ಆರ್ಡಿಸ್


ವೆಸ್ಲಾಕೊ
28 ಏಪ್ರಿಲ್ 1999

ಆರ್ಡಿಸ್,

ನಿನ್ನ ಮೇಲೆ ಕೋಪ ಬರಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ನೀನು ಸೇಡು ತೀರಿಸಿಕೊಂಡೆ ಎಂದುಕೊಂಡಿದ್ದೇನೆ. ತೀರಿಸಿಕೊಳ್ಳುವುದರಲ್ಲಿ ತಪ್ಪೂ ಇಲ್ಲ.

ತಪ್ಪು ನಮ್ಮದೇ ಎಂದು ಪುರಸಭೆಗೆ ಬರೆದು ಕಳಿಸಿದೆ. ನಿನ್ನ ಹೆಸರು ಎಲ್ಲೂ ಇಲ್ಲ. ಒಡೆಯರು ಬರಲಾಗದಿದ್ದರೆ ಲಿಖಿತ ಒಪ್ಪಿಗೆಯ ಮೇಲೆ ಬೇರೆಯವರು ನಿಲ್ಲಬಹುದು ಎಂದು ಅದೇ ನಿಯಮದ ಕೊನೆಯಲ್ಲಿ ಇದೆಯಂತೆ. ಕರ್ಟಿಸ್ ಹೇಳಿದ. ಪುಸ್ತಕ ನೋಡದೆ ಹೇಳಿದ. ಪಕ್ಕದ ಊರಿನ ಪ್ಲಂಬರ್ ಒಬ್ಬನನ್ನು ಗೊತ್ತುಮಾಡಿದ್ದೇನೆ, ಅವನು ನಮ್ಮ ಪರವಾಗಿ ಬರುತ್ತಾನೆ. ನಾನು ಬರುವುದಿಲ್ಲ.

ಇಷ್ಟು ದಿನ ಬರೆಯದೆ ಇದ್ದದ್ದನ್ನು ಈಗ ಬರೆಯುತ್ತೇನೆ. ನೀನು ಫೋನು ಮಾಡಿದ ಬೆಳಿಗ್ಗೆ ನಾನು ಬಟ್ಟೆ ಒಗೆಯಲು ಹೋಗಿದ್ದೆ. ಬಂದಾಗ ಕರ್ಟಿಸ್ ಕಿಟಕಿಯ ಹತ್ತಿರ ಕೂತಿದ್ದ. ಏನೂ ಹೇಳಲಿಲ್ಲ. ಅವತ್ತು ಹೇಳಲಿಲ್ಲ, ಮಾರನೆಯ ದಿನವೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ ಆರ್ಡಿಸ್, ಅವನೊಳಗೆ ಅದು ಇರಲೇ ಇಲ್ಲ. ಓರ್ವಿಲ್ ಹೋದದ್ದು ನನಗೆ ಗೊತ್ತಾದದ್ದು ಚರ್ಚಿನ ಪತ್ರಿಕೆ ಅಂಚೆಯಲ್ಲಿ ಬಂದಾಗ. ಅಷ್ಟು ಹೊತ್ತಿಗೆ ನೀವೆಲ್ಲ ಹ್ಯಾಮ್ ತಿಂದು ಕುರ್ಚಿ ಮಡಿಸಿಟ್ಟು ಆಗಿತ್ತು. ಜ್ವರ ಇರಲಿಲ್ಲ. ವಿಮಾನ ವಿಚಾರಿಸಲೂ ಇಲ್ಲ.

ನಿಜ ಬರೆದಿದ್ದರೆ ಕರ್ಟಿಸ್ ಹೀಗಾಗಿದ್ದಾನೆ ಎಂದು ಬರೆಯಬೇಕಾಗುತ್ತಿತ್ತು. ಹಾಗೆ ಬರೆದ ಮೇಲೆ ಅದು ಸಾಂಡ್ವಿಕ್‌ನಲ್ಲೂ ನಿಜವಾಗುತ್ತಿತ್ತು. ಅಲ್ಲಿ ಇನ್ನೂ ಅವನು ಕೈ ಎತ್ತಿ ಕಲಮು ಬರೆಸಿದ ಕರ್ಟಿಸ್. ನೀನು ನನ್ನನ್ನು ಕಲ್ಲೆದೆಯವಳು ಅಂದುಕೊಂಡರೂ ನಡೆಯುತ್ತದೆ ಎಂದು ಲೆಕ್ಕ ಹಾಕಿದೆ.

ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ, ನಾನು ಬರೆಯುವುದಿಲ್ಲ. ಊರು ಬದಲಾದರೆ ಇನ್ನಷ್ಟು ಕೆಡುತ್ತದಂತೆ. ಅವನನ್ನು ಬಿಟ್ಟು ಬರುವ ಹಾಗಿಲ್ಲ, ಕರೆದುಕೊಂಡು ಬರುವ ಹಾಗೂ ಇಲ್ಲ. ಆ ಮನೆಗೆ ನಾವು ಇನ್ನು ಬರುವುದಿಲ್ಲ ಎಂದು ಕಾಣುತ್ತದೆ.

ಓರ್ವಿಲ್ ಸತ್ತ ಎಂದು ಅವನಿಗೆ ಒಂದು ಸಲ ಹೇಳಿದೆ. ಕೂತು ಅತ್ತ. ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, "ಓರ್ವಿಲ್ ಈ ಸಲ ಯಾವ ಕೆರೆಗೆ ಹೋಗ್ತಾನಂತೆ?" ಎಂದ. ಮತ್ತೆ ಹೇಳಲಿಲ್ಲ. ಇನ್ನೂ ಗೊತ್ತಾಗಿಲ್ಲವಂತೆ ಎಂದೆ. ಈಗ ದಿನಾ ಹಾಗೇ ಹೇಳುತ್ತೇನೆ.

ವರ್ಡೆಲ್


ಸಾಂಡ್ವಿಕ್
12 ಮೇ 1999

ವರ್ಡಿ,

ಎಂಟಕ್ಕೆ ಓರ್ವಿಲ್‌ನನ್ನು ಮಣ್ಣಿಗಿಟ್ಟೆವು. ಗಾಳಿ ಇತ್ತು, ಪಾದ್ರಿಯ ಅರ್ಧ ಮಾತು ಹೊಲದ ಕಡೆ ಹೋಯಿತು. ಅಗೆದ ಮಣ್ಣು ಮೇಲೆ ಒಣಗಿ, ತಳದಲ್ಲಿ ಇನ್ನೂ ತೇವವಾಗಿತ್ತು. ನನಗೆ ಏನೂ ಅನ್ನಿಸಲಿಲ್ಲ. ಅನ್ನಿಸುತ್ತದೆ ಎಂದು ಕಾದೆ. ಬೆವರ್ಲಿ ನನ್ನ ತೋಳು ಹಿಡಿದು ನಿಂತಿದ್ದಳು, ಒಂದು ಮಾತೂ ಆಡಲಿಲ್ಲ. ಅದು ಅವಳಿಗೆ ಎಷ್ಟು ಕಷ್ಟವಾಗಿರಬೇಕು.

ನಿನ್ನೆ ಮಂಡಳಿಗೂ ಹೋದೆ. ಯಾರೂ ಕರೆದಿರಲಿಲ್ಲ. ನಿನ್ನ ಪ್ಲಂಬರ್ ಟೋಪಿ ಕೈಯಲ್ಲಿ ಹಿಡಿದು ನಿಂತು, ಒಡೆಯರು ತಪ್ಪು ಒಪ್ಪಿದ್ದಾರೆ ಎಂದ. ನಾನು ಎದ್ದೆ. ತಿರುಗಿಸಲು ನನಗೆ ಹೇಳಿದ್ದರು, ಹಿಡಿಯ ಮೇಲೆ ಕೈ ಇಟ್ಟು ತೆಗೆದವಳು ನಾನು, ಇನ್ಸ್‌ಪೆಕ್ಟರ್‌ಗೆ ಸುಳ್ಳು ಹೇಳಿದವಳೂ ನಾನು ಎಂದೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಆರ್ಡಿಸ್, ಮನೆ ಯಾರದು ಅಂತಷ್ಟೇ ನಿಯಮ ಕೇಳೋದು. ಯಾರು ತಿರುಗಿಸಲಿಲ್ಲ, ಯಾಕೆ ತಿರುಗಿಸಲಿಲ್ಲ ಅಂತ ಕೇಳೋಕೆ ಇದರಲ್ಲಿ ಜಾಗ ಇಲ್ಲ." ಕೂತೆ. ದಂಡ ನಿನ್ನ ಹೆಸರಿಗೇ ಬರೆದರು. ಆಮೇಲೆ ಪ್ಲಂಬರ್ ಹಿಡಿ ತಿರುಗಿಸಿದ, ಕ್ವಾಮೆ ಮುದ್ರೆ ಹಾಕಿದ. ಬಾಗಿಲಲ್ಲಿ ಕ್ವಾಮೆ ನನ್ನನ್ನು ನೋಡಿ ಏನೋ ಹೇಳಹೋಗಿ, ಮಳೆ ಮತ್ತೆ ಬರೋ ಹಾಗಿದೆ ಎಂದ.

ಸೇಡು ಅಲ್ಲ, ವರ್ಡಿ. ಸೇಡಿಗೆ ಬೇಕಾಗುವಷ್ಟು ಬಿಸಿ ನನ್ನಲ್ಲಿ ಇರಲಿಲ್ಲ. ನೀನು ಬರಬೇಕಿತ್ತು, ಅಷ್ಟೆ. ನೀನು ಬರುವ ದಾರಿಗಳನ್ನೆಲ್ಲ ಜನವರಿಯಿಂದ ಯೋಚಿಸಿದ್ದೇನೆ, ರೈಲು, ವಿಮಾನ, ಬಸ್ಸು. ಅದೇ ಬಸ್ಸು ಈ ಕಡೆಯಿಂದ ಆ ಕಡೆಗೂ ಹೋಗುತ್ತದೆ ಎಂದು ಒಂದು ಸಲವೂ ಹೊಳೆಯಲಿಲ್ಲ. ನಿನ್ನ ಪತ್ರ ಓದಿದ ಮೇಲೂ ಎರಡು ದಿನ ಹೊಳೆಯಲಿಲ್ಲ.

ಜೂನ್ ಎರಡಕ್ಕೆ ಹೊರಡುತ್ತೇನೆ. ನಿಮ್ಮಲ್ಲಿ ಹಾಸಿಗೆ ಇಲ್ಲದಿದ್ದರೆ ನೆಲ ಸಾಕು. ನೀನು ಬಟ್ಟೆ ಒಗೆಯಲು ಹೋದಾಗ ನಾನು ಕರ್ಟಿಸ್ ಹತ್ತಿರ ಕೂರುತ್ತೇನೆ. ಇಲ್ಲಿನ ನಿಮ್ಮ ಮನೆಯನ್ನು ಏನು ಮಾಡಬೇಕೆನ್ನುವುದನ್ನು ಆಮೇಲೆ ನೋಡಿದರಾಯಿತು.

ಕರ್ಟಿಸ್ ಕೇಳಿದರೆ ಸತ್ತದ್ದನ್ನು ನಾನೂ ಹೇಳುವುದಿಲ್ಲ. ಇಲ್ಲಿ ಎಲ್ಲರೂ ಓರ್ವಿಲ್ ಬಗ್ಗೆ 'ಇದ್ದ' ಎಂದೇ ಮಾತಾಡುತ್ತಾರೆ, ನಾನೂ ಹಾಗೇ ಕಲಿತೆ. ಅವನು ಯಾವ ಕೆರೆಗೆ ಹೋಗುತ್ತಾನೆ ಎಂದು ಕೇಳುವವನು ಅಲ್ಲೊಬ್ಬ ಉಳಿದಿದ್ದಾನೆ. ಕೇಳಲಿ. ನನಗೆ ಆ ಕೆರೆಗಳೆಲ್ಲ ಗೊತ್ತು, ಒಂದೊಂದಾಗಿ ಹೇಳುತ್ತೇನೆ.

ಆರ್ಡಿಸ್